ಅಳೆಯುವವನ ಆಸೆ

ಪ್ರಯೋಗಶಾಲೆಯಲ್ಲಿ ಉಪಕರಣಗಳ ದೋಷಗಳಿಗೆಲ್ಲ ಒಂದು ಲೆಕ್ಕ ಇರುತ್ತದೆ. ಯಾವ ಆಂಪ್ಲಿಫೈಯರ್ ಬಿಸಿಯೇರಿದಂತೆ ತಪ್ಪು ತೋರಿಸುತ್ತದೆ, ಯಾವ ಬೆಸುಗೆ ಚಳಿಗೆ ಬಿರುಕು ಬಿಡುತ್ತದೆ, ಗೋಡೆಯ ವೈರಿಂಗಿನಲ್ಲಿ ಹರಿಯುವ 50 ಹರ್ಟ್ಸ್ ಕರೆಂಟು ಎಲ್ಲಿಂದ ನುಸುಳಿ ಅಳತೆಯನ್ನು ಕಲಕುತ್ತದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತೇವೆ. ಪೇಪರ್ ಕಳಿಸುವಾಗ ಪ್ರತಿ ದೋಷಕ್ಕೂ ಇಷ್ಟೆಂದು ಅಂಕಿ ಕೊಡುತ್ತೇವೆ. ಒಂದಕ್ಕೆ ಮಾತ್ರ ಅಂಕಿ ಕೊಟ್ಟವರನ್ನು ನಾನು ಕಂಡಿಲ್ಲ. ಅದು ಅಳೆಯಲು ಕೂತವನ ಆಸೆ.

ಬೆಂಗಳೂರಿನಲ್ಲಿ ಅತಿವಾಹಕಗಳ ತೆಳುಪದರಗಳನ್ನು ದ್ರವ ಹೀಲಿಯಂನ ಚಳಿಯಲ್ಲಿ ಅಳೆಯುವುದು ನನ್ನ ವೃತ್ತಿ. ವಿದ್ಯುತ್ತಿಗೆ ಕಿಂಚಿತ್ತೂ ರೋಧ ಒಡ್ಡದ ಸ್ಥಿತಿಗೆ ಅತಿವಾಹಕತೆ ಎನ್ನುತ್ತಾರೆ. 1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕ್ಯಾಮರ್ಲಿಂಗ್ ಓನ್ಸ್ ಅವರ ಪ್ರಯೋಗಶಾಲೆ ಇದನ್ನು ಮೊದಲು ಕಂಡದ್ದು ಪಾದರಸದಲ್ಲಿ, ಮೈನಸ್ 269 ಡಿಗ್ರಿಯ ಆಸುಪಾಸಿನಲ್ಲಿ. ನನ್ನ ಸಂಶೋಧನೆಯ ಬದುಕೆಲ್ಲ ಆ ಚಳಿಯ ಸುತ್ತಲೇ ಕಳೆದಿದೆ. ನಿವೃತ್ತಿ ಹತ್ತಿರವಾಗುತ್ತಿರುವ ಈಗ ನನ್ನನ್ನು ನಾನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅನ್ನಿಸುತ್ತಿದೆ. ನಾನು ಇಷ್ಟು ವರ್ಷ ಬಯಸಿದ್ದು ವಸ್ತು ತಾನಾಗಿ ಹೇಳುವುದನ್ನೋ, ಅದು ಹೇಳಲಿ ಎಂದು ನಾನು ಅಂದುಕೊಂಡದ್ದನ್ನೋ?

ಉತ್ತರ ಸುಲಭವಲ್ಲ. ಕ್ರಯೋಸ್ಟಾಟಿನೊಳಗೆ ಸ್ಯಾಂಪಲ್ ಇಳಿಸಿ, ಉಷ್ಣತೆ ಮೆಲ್ಲಗೆ ಇಳಿಯುತ್ತಿರುವಾಗ ಪರದೆಯ ಮೇಲೆ ರೋಧದ ಗೆರೆ ಒಂದೊಂದೇ ಚುಕ್ಕಿಯಾಗಿ ಮೂಡುತ್ತದೆ. ಗೆರೆ ನಾನು ಬಯಸಿದ ಕಡೆಗೆ ಬಾಗಿದರೆ ಒಳಗಿನಿಂದ ‘ಸರಿ’ ಎಂಬ ಮಾತು ತಾನಾಗಿ ಏಳುತ್ತದೆ. ಬಾಗದಿದ್ದರೆ ಥರ್ಮಾಮೀಟರಿನ ಮೇಲೆ ಅನುಮಾನ, ಕಾಂಟ್ಯಾಕ್ಟಿನ ಮೇಲೆ ಅನುಮಾನ, ಸ್ಯಾಂಪಲ್ ಮಾಡಿದ ದಿನದ ತೇವದ ಮೇಲೂ ಅನುಮಾನ. ಅನುಮಾನ ಪಡುವುದೇ ನಮ್ಮ ಕೆಲಸ, ಅದರಲ್ಲಿ ಕೊರತೆಯಿಲ್ಲ. ಆದರೆ ಬೇಕಾದ ಉತ್ತರಕ್ಕೂ ಬೇಡದ ಉತ್ತರಕ್ಕೂ ಅನುಮಾನ ಒಂದೇ ತೂಕದಲ್ಲಿ ಹುಟ್ಟುವುದಿಲ್ಲ. ತನ್ನ ಮಗನ ಜಾತಕವನ್ನು ತಾನೇ ನೋಡಲು ಕೂತ ಜೋಯಿಸನ ಸ್ಥಿತಿ ಅದು. ವಿದ್ಯೆ ಪೂರ್ತಿ ಗೊತ್ತಿದೆ, ಗ್ರಹಗಳೂ ಕಾಣುತ್ತಿವೆ, ಆದರೂ ಕಣ್ಣು ಶುಭ ಸ್ಥಾನಗಳ ಕಡೆಗೇ ಮೊದಲು ಹೋಗುತ್ತದೆ.

ಈ ಒಲವು ನನ್ನೊಳಗೆ ಮಾತ್ರ ಉಳಿಯುವುದಿಲ್ಲ ಎನ್ನುವುದು ನನಗೆ ತಿಳಿದದ್ದು ಒಬ್ಬ ವಿದ್ಯಾರ್ಥಿಯ ಮೂಲಕ. ಗ್ರಾಫ್ ತೋರಿಸುತ್ತ ಅವನು ಕೇಳಿದ:

‘ಸರ್, ಈ ಎರಡು ಪಾಯಿಂಟ್ ಬಿಟ್ಟುಬಿಡಲಾ? ಫಿಟ್ ಚೆನ್ನಾಗಿ ಕೂರುತ್ತೆ.’

‘ಬಿಡೋದಕ್ಕೆ ಕಾರಣ?’

‘ಆಗ ಹೀಲಿಯಂ ಮಟ್ಟ ಇಳಿದಿತ್ತು ಅನ್ಸುತ್ತೆ, ಸರ್.’

‘ಉಳಿದ ಪಾಯಿಂಟುಗಳನ್ನ ತಗೊಂಡಾಗ ಮಟ್ಟ ಎಷ್ಟಿತ್ತು?’

ಅವನು ನೋಡಿರಲಿಲ್ಲ. ಚುಕ್ಕಿಗಳು ಗೆರೆಯ ಮೇಲೆಯೇ ಇದ್ದುದರಿಂದ ನೋಡಬೇಕೆಂದು ಅವನಿಗೆ ಅನ್ನಿಸಿಯೂ ಇರಲಿಲ್ಲ. ಅವನು ಪ್ರಾಮಾಣಿಕ ಹುಡುಗ, ಮುಚ್ಚಿಡುವ ಬುದ್ಧಿಯಿದ್ದರೆ ನನ್ನನ್ನು ಕೇಳುತ್ತಲೇ ಇರಲಿಲ್ಲ. ಎರಡೂ ಪಾಯಿಂಟುಗಳನ್ನು ಗ್ರಾಫಿನಲ್ಲೇ ಉಳಿಸಿದೆವು. ಅವನು ಹೋದ ಮೇಲೆ ಯೋಚಿಸುತ್ತ ಕೂತೆ. ‘ಚೆನ್ನಾಗಿ ಕೂರಬೇಕು’ ಎಂಬ ಹಂಬಲ ಅವನಿಗೆ ಎಲ್ಲಿಂದ ಬಂತು? ವಾರದ ಸಭೆಯಲ್ಲಿ ಯಾವ ಗ್ರಾಫ್ ಕಂಡಾಗ ನನ್ನ ಮುಖ ಅರಳುತ್ತದೆ, ಯಾವುದು ಕಂಡಾಗ ನಾನು ಮುಂದಿನ ಸ್ಲೈಡ್ ಕೇಳುತ್ತೇನೆ ಎಂದು ನೋಡಿ ನೋಡಿ ಕಲಿತದ್ದು ಅದು. ನನ್ನ ಆಸೆ ಅವನ ಕೈಯಲ್ಲಿ ಕೆಲಸ ಮಾಡುತ್ತಿತ್ತು. ಗುರು ಬಾಯಲ್ಲಿ ಹೇಳಿಕೊಟ್ಟದ್ದನ್ನು ಶಿಷ್ಯ ಮರೆಯಬಹುದು. ಗುರುವಿನ ಮುಖ ನೋಡಿ ಕಲಿತದ್ದು ಮರೆಯುವುದಿಲ್ಲ.

ಈ ಯೋಚನೆ ಬಂದಾಗಲೆಲ್ಲ ನನ್ನ ಮನಸ್ಸು ಕೋಲಾರದ ಚಿನ್ನದ ಗಣಿಗೆ ಹೋಗುತ್ತದೆ. ನನ್ನದು ಘನವಸ್ತುಗಳ ವಿಜ್ಞಾನ. ಕಣ ಭೌತವಿಜ್ಞಾನ ನನ್ನ ಕ್ಷೇತ್ರವಲ್ಲ. ಆದರೂ ನಮ್ಮ ನೆಲದಲ್ಲಿ ನಡೆದ ಪ್ರಯೋಗಗಳಲ್ಲಿ ನನ್ನನ್ನು ಇದರಷ್ಟು ತಿದ್ದಿದ್ದು ಬೇರೊಂದಿಲ್ಲ.

1951ರಲ್ಲಿ ಹೋಮಿ ಭಾಭಾ ಅವರ ಸಲಹೆಯಂತೆ, ಮೈಸೂರು ಸೀಮೆಯವರೇ ಆದ ಬಿ. ವಿ. ಶ್ರೀಕಂಠನ್ ಅವರು ಎಣಿಕೆಯ ಉಪಕರಣಗಳನ್ನು ಹೊತ್ತು ಕೆಜಿಎಫ್‌ನ ಗಣಿಗೆ ಇಳಿದರು. ಆಕಾಶದಿಂದ ಸುರಿಯುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವು ಬಂಡೆಯನ್ನೂ ಕೊರೆದು ಬಹಳ ಆಳಕ್ಕೆ ಇಳಿಯಬಲ್ಲವು. ಎಷ್ಟು ಆಳಕ್ಕೆ ಎಷ್ಟು ಉಳಿಯುತ್ತವೆ ಎಂದು ಎಣಿಸುವುದು ಮೊದಲ ಉದ್ದೇಶ. ಮುಂದಿನ ವರ್ಷಗಳಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ಇನ್ನೂ ಇನ್ನೂ ಕೆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತ ಬಂತು. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದಾಗ ಒಂದು ಮ್ಯೂಆನ್ ಕೂಡ ಬರಲಿಲ್ಲ.

ಎರಡು ತಿಂಗಳು ಸೊನ್ನೆ. ನನ್ನ ಪ್ರಯೋಗಶಾಲೆಯಲ್ಲಿ ಎರಡು ದಿನ ಸೊನ್ನೆ ಬಂದರೆ ನಾನು ತಂತಿಗಳನ್ನು ಬಿಚ್ಚಲು ಶುರುಮಾಡುತ್ತೇನೆ. ಅವರು ಆ ಸೊನ್ನೆಯನ್ನು ಒಂದು ಅಳತೆಯಾಗಿ ಓದಿದರು. ಮೇಲಿನಿಂದ ಬರುವ ಮ್ಯೂಆನ್‌ಗಳ ಗದ್ದಲ ಇಷ್ಟು ಅಡಗಿರುವ ಜಾಗದಲ್ಲಿ, ಇಡೀ ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೊವನ್ನು ಹಿಡಿಯಲು ಸಾಧ್ಯ ಎನ್ನುವುದು ಅದರ ಅರ್ಥವಾಗಿತ್ತು. ನ್ಯೂಟ್ರಿನೊ ಸುಲಭವಾಗಿ ಯಾವುದಕ್ಕೂ ತಾಕುವುದಿಲ್ಲ. ಎಲ್ಲೋ ಅಪರೂಪಕ್ಕೆ ಸುತ್ತಲಿನ ಬಂಡೆಯಲ್ಲಿ ತಾಕಿದರೆ ಒಂದು ಮ್ಯೂಆನ್ ಹೊರಡುತ್ತದೆ. ಅಷ್ಟು ಆಳಕ್ಕೆ ಆಕಾಶದಿಂದ ನೇರ ಬರುವ ಮ್ಯೂಆನ್‌ಗಳು ಬಹುತೇಕ ಕಡಿದಾಗಿ ಮೇಲಿನಿಂದಲೇ ಬರಬೇಕು, ಓರೆಯಾಗಿ ಬರುವಷ್ಟು ಬಂಡೆಯನ್ನು ದಾಟಲು ಅವಕ್ಕೆ ಶಕ್ತಿ ಸಾಲದು. ಹಾಗಾಗಿ ಅಡ್ಡಡ್ಡ ಬಂದ ಗುರುತು ಕಂಡರೆ ಅದು ನ್ಯೂಟ್ರಿನೊವಿನ ಕೆಲಸ. ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ನಡೆಸಿದ ಪ್ರಯೋಗ ಅಂಥ ಗುರುತನ್ನು ಕಂಡಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಬಗ್ಗೆ ಅವರ ಪೇಪರ್ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಅದೇ ವರ್ಷ ಅದನ್ನೇ ಕಂಡಿತ್ತು, ಅವರ ಪೇಪರ್ ಎರಡು ವಾರ ತಡವಾಗಿ ಬಂತು.

ಆ ಆಳವನ್ನು ವಿಜ್ಞಾನಿಗಳು ತೋಡಲಿಲ್ಲ. 1880ರ ದಶಕದಿಂದ ತಲೆಮಾರುಗಳ ಕಾರ್ಮಿಕರು ಚಿನ್ನಕ್ಕಾಗಿ ತೋಡಿದ ಗಣಿ ಅದು. ಒತ್ತಡಕ್ಕೆ ಬಂಡೆ ಸಿಡಿದು ಸತ್ತವರು, ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಸೇರಿ ಸಿಲಿಕೋಸಿಸ್‌ನಿಂದ ನರಳಿದವರು ಆ ಊರಿನ ಮನೆಮನೆಯಲ್ಲಿದ್ದಾರೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಆ ಕುಟುಂಬಗಳಿಗೆ ಉಳಿದದ್ದು ಬೆಂಗಳೂರಿಗೆ ಹೋಗಿ ಬರುವ ರೈಲು ಮತ್ತು ಊರಿನ ಅಂಚಿನ ಸಯನೈಡ್ ದಿಬ್ಬಗಳು. ಅವರ ಮೈಮುರಿತದ ಮೇಲೆ ನಿಂತು ಪಡೆದ ಸೊನ್ನೆಯನ್ನು ಸೊನ್ನೆಯೆಂದೇ ಹೇಳುವುದು ಬರೀ ವಿಧಾನದ ಶಿಸ್ತಲ್ಲ, ಋಣದ ಪ್ರಶ್ನೆ. ನನ್ನ ಹೀಲಿಯಂಗೂ ಯಾರೋ ತೆರಿಗೆ ಕಟ್ಟಿದ್ದಾರೆ. ಅಳತೆಯಲ್ಲಿ ನನ್ನ ಬಯಕೆಯನ್ನು ಬೆರೆಸಿದರೆ ಅವರಿಂದ ಪಡೆದದ್ದಕ್ಕೆ ಬದಲಾಗಿ ನನ್ನ ಹಗಲುಗನಸನ್ನು ಕೊಟ್ಟಂತಾಗುತ್ತದೆ.

ಅದೇ ಗಣಿಯಲ್ಲಿ ನಡೆದ ಎರಡನೆಯ ಕಥೆ ಇನ್ನಷ್ಟು ಕಠಿಣವಾದ ಪಾಠ ಹೇಳುತ್ತದೆ. 1974ರಲ್ಲಿ ಹೋವರ್ಡ್ ಜಾರ್ಜೈ ಮತ್ತು ಶೆಲ್ಡನ್ ಗ್ಲಾಷೋ ಒಂದು ಸಿದ್ಧಾಂತ ಮುಂದಿಟ್ಟರು. ಗುರುತ್ವವನ್ನು ಬಿಟ್ಟು ಉಳಿದ ಮೂರು ಬಲಗಳೂ ಮೂಲದಲ್ಲಿ ಒಂದೇ ಎನ್ನುವ ಸಿದ್ಧಾಂತ. ಅದರ ಗಣಿತ ಅಷ್ಟು ಅಚ್ಚುಕಟ್ಟಾಗಿತ್ತು, ಪ್ರಕೃತಿ ಹೀಗಲ್ಲದೆ ಹೇಗಿರಲು ಸಾಧ್ಯ ಎಂದು ಅನೇಕರಿಗೆ ಅನ್ನಿಸಿತು. ಅದು ನಿಜವಾದರೆ ಪ್ರೋಟಾನ್ ಶಾಶ್ವತವಲ್ಲ, ಎಂದಾದರೂ ಅಳಿಯಲೇಬೇಕು. ಆಯುಸ್ಸು ಸರಾಸರಿ 1ರ ಮುಂದೆ 30 ಸೊನ್ನೆಗಳ ಆಚೀಚೆಯಷ್ಟು ವರ್ಷ. ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯಲಾಗದು. ಆದರೆ ಅಷ್ಟೇ ಸಂಖ್ಯೆಯ ಪ್ರೋಟಾನ್‌ಗಳನ್ನು ಒಟ್ಟಿಗೆ ಇಟ್ಟು ಕಾದರೆ ವರ್ಷಕ್ಕೆ ಸರಾಸರಿ ಒಂದಾದರೂ ಅಳಿಯಬೇಕು. 1980ರಲ್ಲಿ ಕೆಜಿಎಫ್‌ನ ಆಳದಲ್ಲಿ ಕಬ್ಬಿಣದ ತಟ್ಟೆಗಳನ್ನೂ ಎಣಿಕೆಯ ಕೊಳವೆಗಳನ್ನೂ ಪದರಪದರವಾಗಿ ಜೋಡಿಸಿದ 140 ಟನ್ನಿನ ಉಪಕರಣ ಕೆಲಸ ಶುರುಮಾಡಿತು. ಪ್ರೋಟಾನಿನ ಅಳಿವನ್ನು ಹುಡುಕಲೆಂದೇ ಕಟ್ಟಿದ ದೊಡ್ಡ ಪ್ರಯೋಗಗಳಲ್ಲಿ ಅದು ಮೊದಲ ಸಾಲಿನದು.

ಕೆಲವು ಘಟನೆಗಳು ಪ್ರೋಟಾನಿನ ಅಳಿವಿಗೆ ಹೊಂದುವಂತೆ ಕಂಡವು. ತಂಡ ಅವನ್ನು ಸಂಭಾವ್ಯ ಘಟನೆಗಳೆಂದು ಪ್ರಕಟಿಸಿತು. ಅನಂತರ ಅಮೆರಿಕದ ಒಹಾಯೋದಲ್ಲಿ ಉಪ್ಪಿನ ಗಣಿಯೊಳಗೆ, ಜಪಾನಿನ ಕಾಮಿಯೋಕಾ ಗಣಿಯೊಳಗೆ ಸಾವಿರಾರು ಟನ್ ಶುದ್ಧ ನೀರಿನ ತೊಟ್ಟಿಗಳು ಬಂದವು. ಅವುಗಳಲ್ಲಿ ಪ್ರೋಟಾನ್ ಅಳಿಯಲಿಲ್ಲ. 50,000 ಟನ್ ನೀರಿನ ಸೂಪರ್ ಕಾಮಿಯೋಕಾಂಡೆ ಇಂದಿಗೂ ಕಾಯುತ್ತಿದೆ. ಪ್ರೋಟಾನ್ ಅಳಿಯಬಹುದಾದ ಮುಖ್ಯ ದಾರಿಯೊಂದರಲ್ಲಿ ಅದರ ಆಯುಸ್ಸು 1ರ ಮುಂದೆ 34 ಸೊನ್ನೆಗಳಷ್ಟು ವರ್ಷಕ್ಕಿಂತ ಹೆಚ್ಚು ಎಂದು ಅದು ಹೇಳಿದೆ. ಆ ಅಚ್ಚುಕಟ್ಟಾದ ಸಿದ್ಧಾಂತದ ಸರಳ ರೂಪ ಬಿದ್ದುಹೋಯಿತು. ಆ ತೊಟ್ಟಿಗಳು ಬೇರೆಯದನ್ನು ಕಂಡವು. ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು 1987ರ ಫೆಬ್ರವರಿ 23ರಂದು ಅಲ್ಲಿ ಸಿಕ್ಕವು. ನ್ಯೂಟ್ರಿನೊಗಳು ದಾರಿಯಲ್ಲೇ ತಮ್ಮ ಬಗೆ ಬದಲಿಸುತ್ತವೆ, ಹಾಗಾಗಿ ಅವಕ್ಕೆ ದ್ರವ್ಯರಾಶಿ ಇದೆ ಎನ್ನುವುದಕ್ಕೆ 1998ರಲ್ಲಿ ಸಾಕ್ಷ್ಯ ಬಂತು. ಕೆಜಿಎಫ್‌ನ ಕಾರ್ಮಿಕರೂ ವಿಜ್ಞಾನಿಗಳೂ ಸೇರಿ ಕಂಡ ಅದೇ ವಾತಾವರಣದ ನ್ಯೂಟ್ರಿನೊಗಳು ಆ ಸಾಕ್ಷ್ಯ ನುಡಿದವು.

ಇಲ್ಲಿ ನನ್ನನ್ನು ನಾನು ನಿಲ್ಲಿಸಿ ನೋಡುತ್ತೇನೆ. ಅಂಥ ಸುಂದರ ಸಿದ್ಧಾಂತ ಎದುರಿಗಿದ್ದು, ಅದು ಹೇಳಿದ್ದನ್ನೇ ಹೋಲುವ ಗುರುತೊಂದು ನನ್ನ ಕಬ್ಬಿಣದ ತಟ್ಟೆಗಳ ನಡುವೆ ಮೂಡಿದ್ದರೆ ನಾನು ಏನು ಮಾಡುತ್ತಿದ್ದೆ? ‘ಇರಬಹುದು’ ಎಂಬಲ್ಲಿ ನಿಲ್ಲುವ ತಾಳ್ಮೆ ನನಗೆ ಇರುತ್ತಿತ್ತೆ? ಖಚಿತವಾಗಿ ಹೌದು ಎನ್ನಲಾರೆ. ಆಸೆ ಹುಟ್ಟುವುದು ಸಿದ್ಧಾಂತದಿಂದ. ಎಲ್ಲಿ ನೋಡಬೇಕೆಂದು ಸಿದ್ಧಾಂತ ಹೇಳದಿದ್ದರೆ ಆ 140 ಟನ್ ಕಬ್ಬಿಣವನ್ನು ಯಾರೂ ಕೆಳಗೆ ಇಳಿಸುತ್ತಿರಲಿಲ್ಲ. ನಮ್ಮನ್ನು ಸರಿಯಾದ ಕಡೆಗೆ ತಿರುಗಿಸುವ ಕೈಯೇ ನಮ್ಮ ಕಣ್ಣಿಗೆ ಬಣ್ಣವನ್ನೂ ಬಳಿಯುತ್ತದೆ. ಸಿದ್ಧಾಂತ ಕಟ್ಟುವ ಗೆಳೆಯರ ಜೊತೆ ಕಾಫಿ ಕುಡಿಯುತ್ತ ಮಾತಾಡುವುದು ನನಗೆ ಬಹಳ ಪ್ರಿಯ. ಅವರ ಲೆಕ್ಕ ಕೇಳಿದ ಮೇಲೆ ನನ್ನ ಡೇಟಾ ನನಗೆ ಬೇರೆಯಾಗಿ ಕಾಣುತ್ತದೆ ಎನ್ನುವುದೂ ನನಗೆ ಗೊತ್ತು.

ಆಸೆಗೆ ಇನ್ನೊಂದು ಮುಖವಿದೆ. ಅದನ್ನು ಒಪ್ಪಿಕೊಳ್ಳುವುದು ಹೆಚ್ಚು ಕಷ್ಟ. 2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರ ಗುಂಪೊಂದು ಸೀಸ, ರಂಜಕ, ಆಮ್ಲಜನಕಗಳ ಜೊತೆ ತಾಮ್ರ ಸೇರಿಸಿದ ಒಂದು ವಸ್ತುವನ್ನು ಪ್ರಕಟಿಸಿತು. ಹೆಸರು ಎಲ್‌ಕೆ-99. ಕೋಣೆಯ ಉಷ್ಣತೆಯಲ್ಲೇ, ಸಾಮಾನ್ಯ ಒತ್ತಡದಲ್ಲೇ, ಅದು ಅತಿವಾಹಕ ಎನ್ನುವುದು ಅವರ ಮಾತು. ಅದು ನಿಜವಾಗಿದ್ದರೆ ವಿದ್ಯುತ್ ತಂತಿಗಳಲ್ಲಿ ನಷ್ಟವಾಗುವ ಶಕ್ತಿ ಉಳಿಯುತ್ತಿತ್ತು, ಎಂಆರ್‌ಐ ಯಂತ್ರಗಳಿಗೆ ಹೀಲಿಯಂ ಬೇಡವಾಗುತ್ತಿತ್ತು. ಆ ಪೇಪರ್ ಓದಿದ ಹೊತ್ತಿನಲ್ಲಿ ನನ್ನೊಳಗೆ ಎರಡು ಆಸೆಗಳು ಒಟ್ಟಿಗೆ ಎದ್ದವು. ಇದು ನಿಜವಾಗಲಿ, ನಮ್ಮ ಕ್ಷೇತ್ರದ ನೂರು ವರ್ಷದ ಕನಸು ನನ್ನ ಕಣ್ಣೆದುರೇ ಕೈಗೂಡಲಿ ಎನ್ನುವುದು ಒಂದು. ಇದು ಸುಳ್ಳಾಗಲಿ ಎನ್ನುವುದು ಇನ್ನೊಂದು. ನಾನು ಬದುಕು ತೇಯ್ದ ವಿಷಯದ ಅತಿ ದೊಡ್ಡ ಉತ್ತರ ನನ್ನ ಕೈಯಿಂದಲ್ಲದೆ ಬೇರೆಯವರ ಕುಲುಮೆಯಿಂದ ಬರಬಾರದು ಎಂಬ ಮತ್ಸರ ಅದು. ಅಂಥ ಭಾವಕ್ಕೆ ವಿಜ್ಞಾನದ ಎಚ್ಚರಿಕೆಯ ವೇಷ ತೊಡಿಸುವುದು ಬಹಳ ಸುಲಭ. ‘ಇನ್ನಷ್ಟು ಪುರಾವೆ ಬೇಕು’ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಆ ಮಾತನ್ನು ನಾನು ಯಾವ ಆಸೆಯಿಂದ ಆಡುತ್ತಿದ್ದೇನೆ ಎನ್ನುವುದು ನನಗೆ ಮಾತ್ರ ಗೊತ್ತು.

ಕೆಲವೇ ವಾರಗಳಲ್ಲಿ ಜಗತ್ತಿನ ಹಲವು ಪ್ರಯೋಗಶಾಲೆಗಳು, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯೂ ಸೇರಿದಂತೆ, ಆ ವಸ್ತುವನ್ನು ಮಾಡಿ ನೋಡಿದವು. ಅತಿವಾಹಕತೆ ಕಾಣಲಿಲ್ಲ. 104 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ರೋಧ ಥಟ್ಟನೆ ಇಳಿಯಲು ಕಾರಣ ಮಾದರಿಯಲ್ಲಿ ಉಳಿದುಕೊಂಡಿದ್ದ ತಾಮ್ರದ ಸಲ್ಫೈಡ್ ಎಂಬ ಕಲ್ಮಶ. ಆ ಉಷ್ಣತೆಯಲ್ಲಿ ಅದರ ಹರಳಿನ ರಚನೆಯೇ ಬದಲಾಗುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲ್ಮಶವಿಲ್ಲದ ಶುದ್ಧ ಹರಳು ಬೆಳೆಸಿದಾಗ ಅದು ವಿದ್ಯುತ್ತನ್ನು ಹರಿಯಗೊಡದ, ನೇರಳೆ ಬಣ್ಣದ ಪಾರದರ್ಶಕ ಹರಳಾಗಿತ್ತು. ಪ್ರಶ್ನೆ ಮುಗಿದದ್ದು ಅವರು ಹರಳು ಬೆಳೆಸಿದ್ದರಿಂದ. ನನ್ನಂಥವರ ಅನುಮಾನ ಅಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅನುಮಾನ ಕೊನೆಗೆ ಸರಿಯಾಯಿತೆಂದು ಒಳಗೊಳಗೆ ಹಿಗ್ಗುವ ಹಕ್ಕು, ಹರಳು ಬೆಳೆಸದ ನನಗಿರಲಿಲ್ಲ.

ಮತ್ಸರದ ಬೇರನ್ನು ಅಗೆಯುತ್ತ ಹೋದರೆ ಇನ್ನೊಂದು ಆಸೆ ಸಿಗುತ್ತದೆ. ನನ್ನ ಪ್ರಶ್ನೆ ದೊಡ್ಡದಾಗಿರಬೇಕು ಎನ್ನುವ ಆಸೆ. ನಾನು ವಿದ್ಯಾರ್ಥಿಯಾಗಿದ್ದಾಗ ಭೌತವಿಜ್ಞಾನದಲ್ಲಿ ಒಂದು ಮೇಲುಕೀಳಿನ ಏಣಿ ಇತ್ತು. ಕಣಗಳನ್ನು ಅರಿಯುವವರು ಪ್ರಕೃತಿಯ ಮೂಲ ನಿಯಮಗಳನ್ನು ಅರಿಯುವವರು. ಘನವಸ್ತುಗಳನ್ನು ಅರಿಯುವವರು ಆ ನಿಯಮಗಳನ್ನು ಬಳಸಿ ಲೆಕ್ಕ ಬಿಡಿಸುವವರು. 1972ರಲ್ಲಿ ಫಿಲಿಪ್ ಆಂಡರ್ಸನ್ ಬರೆದ ಪ್ರಬಂಧವೊಂದು ಈ ಏಣಿಯನ್ನು ಪ್ರಶ್ನಿಸಿತು. ಅಸಂಖ್ಯ ಕಣಗಳು ಕೂಡಿದಾಗ ಹುಟ್ಟುವ ನಡವಳಿಕೆಗೆ ತನ್ನದೇ ನಿಯಮಗಳಿವೆ, ಅವೂ ಮೂಲಭೂತವೇ ಎನ್ನುವುದು ಅವರ ವಾದ. ನಾವೆಲ್ಲ ಅದನ್ನು ಧರ್ಮಗ್ರಂಥದಂತೆ ಓದಿದೆವು. 1993ರಲ್ಲಿ ಟೆಕ್ಸಸ್‌ನಲ್ಲಿ ಕಟ್ಟುತ್ತಿದ್ದ 87 ಕಿಲೋಮೀಟರ್ ಸುತ್ತಳತೆಯ ಮಹಾ ಕಣವೇಗವರ್ಧಕವನ್ನು ಅಮೆರಿಕದ ಸಂಸತ್ತು ಅರ್ಧಕ್ಕೇ ಕೈಬಿಟ್ಟಿತು. ಅದರ ಪರವಾಗಿ ಸ್ಟೀವನ್ ವೈನ್‌ಬರ್ಗ್ ವಾದಿಸಿದ್ದರು, ವಿರುದ್ಧವಾಗಿ ಆಂಡರ್ಸನ್ ಸಾಕ್ಷ್ಯ ನುಡಿದಿದ್ದರು. ಆಗ ನಾನು ಸಂಶೋಧನಾ ವಿದ್ಯಾರ್ಥಿ. ಆ ಸುದ್ದಿ ತಂದ ಸಮಾಧಾನ ನನಗಿನ್ನೂ ನೆನಪಿದೆ. ಯಾವ ಜ್ಞಾನ ಮನುಷ್ಯನಿಗೆ ತಪ್ಪಿಹೋಯಿತು ಎಂದು ಆಗ ನಾನು ಯೋಚಿಸಲಿಲ್ಲ. ನಮ್ಮ ಓಣಿ ಗೆದ್ದಿತು ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಆ ಏಣಿ ಎಷ್ಟು ಪೊಳ್ಳು ಎನ್ನುವುದನ್ನು ವಿಷಯವೇ ನನಗೆ ಕಲಿಸಿತು. ಅತಿವಾಹಕತೆಗೆ 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಕೊಟ್ಟ ವಿವರಣೆಯನ್ನು ಓದಿದ ಯೊಯಿಚಿರೊ ನಂಬು ಅದರ ಒಳಗಿನ ಗಣಿತವನ್ನು ಕಣಗಳ ಲೋಕಕ್ಕೆ ಒಯ್ದರು. ಅತಿವಾಹಕದೊಳಗೆ ಬೆಳಕಿನ ಕಣ ತೂಕ ಪಡೆದಂತೆ ವರ್ತಿಸುತ್ತದೆ ಎಂಬುದನ್ನು ಆಂಡರ್ಸನ್ 1963ರ ಪೇಪರಿನಲ್ಲಿ ತೋರಿಸಿ, ಕಣ ಭೌತವಿಜ್ಞಾನಕ್ಕೂ ಇದು ಉಪಯೋಗಕ್ಕೆ ಬರಬಹುದು ಎಂದು ಸೂಚಿಸಿದರು. ಮರುವರ್ಷ ಪೀಟರ್ ಹಿಗ್ಸ್ ಮತ್ತು ಇತರರು ಅದನ್ನೇ ಪೂರ್ಣ ಸಿದ್ಧಾಂತವಾಗಿಸಿದರು. ಹಿಗ್ಸ್ ಕಣ ಸಿಕ್ಕಿತೆಂದು ಜಿನೀವಾದ ಸರ್ನ್ ಪ್ರಕಟಿಸಿದ್ದು 2012ರ ಜುಲೈ 4ರಂದು. ಅದಕ್ಕೂ ಬಹಳ ಮೊದಲು, 1980ರಲ್ಲೇ, ಅಮೆರಿಕದ ಇಲಿನಾಯ್‌ನಲ್ಲಿ ಸೂರ್ಯಕುಮಾರ್ ಮತ್ತು ಕ್ಲೈನ್ ನಯೋಬಿಯಂ ಡೈಸೆಲಿನೈಡ್ ಎಂಬ ಅತಿವಾಹಕದ ಮೇಲೆ ಬೆಳಕು ಬಿಟ್ಟು, ರಾಮನ್ ಪರಿಣಾಮದ ಮೂಲಕ ಒಂದು ಹೊಸ ಕಂಪನವನ್ನು ಕಂಡಿದ್ದರು. ಅದು ಅತಿವಾಹಕದೊಳಗಿನ ಹಿಗ್ಸ್ ಕಂಪನ ಎಂದು ಇಂದು ತಿಳಿಯಲಾಗಿದೆ. ಭೂಮಿಯಡಿ 27 ಕಿಲೋಮೀಟರ್ ಸುರಂಗದಲ್ಲಿ ಹುಡುಕಿದ್ದರ ಅಣ್ಣನೋ ತಮ್ಮನೋ ಒಂದು ಚೂರು ಹರಳಿನಲ್ಲಿ ಆಗಲೇ ಕಂಡಿತ್ತು. ಆ ಸುರಂಗದ ಕಣಗಳನ್ನು ಬಾಗಿಸುವುದೂ 1.9 ಕೆಲ್ವಿನ್‌ಗೆ ತಂಪಾಗಿಸಿದ 1232 ಅತಿವಾಹಕ ಕಾಂತಗಳೇ. 2008ರ ಸೆಪ್ಟೆಂಬರ್ 19ರಂದು ಅವುಗಳ ನಡುವಿನ ಒಂದು ಜೋಡಣೆಯಲ್ಲಿ ರೋಧ ಕೊಂಚ ಹೆಚ್ಚಿತೆಂದು ಇಡೀ ಯಂತ್ರ ಒಂದು ವರ್ಷಕ್ಕೂ ಮೇಲ್ಪಟ್ಟು ನಿಂತುಹೋಯಿತು. ಒಂದು ಬೆಸುಗೆಯ ನ್ಯಾನೋ ಓಮ್‌ಗಳನ್ನು ಅರಿಯದೆ ಬ್ರಹ್ಮಾಂಡದ ನಿಯಮ ಅರಿಯಲಾಗದು. ಯಾರ ಪ್ರಶ್ನೆ ದೊಡ್ಡದು ಎಂಬ ಜಗಳ ಮಾಡಿದವರು ನಾವು. ಪ್ರಕೃತಿ ಅದರಲ್ಲಿ ಎಂದೂ ಪಕ್ಷ ವಹಿಸಲಿಲ್ಲ.

ಹಾಗಾದರೆ ಆಸೆಯನ್ನು ಏನು ಮಾಡಬೇಕು? ಕಣ ಭೌತವಿಜ್ಞಾನದವರು ಇದಕ್ಕೆ ಒಂದು ಕ್ರಮ ಕಂಡುಕೊಂಡಿದ್ದಾರೆ. ಮ್ಯೂಆನ್ ಒಂದು ಪುಟ್ಟ ಕಾಂತದಂತೆ ವರ್ತಿಸುತ್ತದೆ. ಅದರ ಬಲವನ್ನು ಅತಿ ಸೂಕ್ಷ್ಮವಾಗಿ ಅಳೆದರೆ ನಮಗೆ ಗೊತ್ತಿಲ್ಲದ ಕಣಗಳ ಪ್ರಭಾವ ಕಾಣಬಹುದು. ಅಮೆರಿಕದ ಫರ್ಮಿಲ್ಯಾಬ್ ಇದನ್ನು ಅಳೆಯಿತು. ಅಲ್ಲಿ ಸಮಯ ಅಳೆಯುವ ಗಡಿಯಾರದ ನಿಜವಾದ ವೇಗವನ್ನು ಪ್ರಯೋಗದಲ್ಲಿ ಪಾಲಿಲ್ಲದ ಇಬ್ಬರು ಮಾತ್ರ ನಿಗದಿ ಮಾಡಿ, ಮುಚ್ಚಿದ ಲಕೋಟೆಯಲ್ಲಿ ಇಟ್ಟರು. ತಂಡದವರು ವರ್ಷಗಟ್ಟಲೆ ವಿಶ್ಲೇಷಣೆ ಮಾಡಿದ್ದು ತಮಗೇ ಗೊತ್ತಿಲ್ಲದ ಒಂದು ಸಂಖ್ಯೆಯ ಮರೆಯಲ್ಲಿ. ಉತ್ತರ ಸಿದ್ಧಾಂತಕ್ಕೆ ಹೊಂದುತ್ತದೋ ಇಲ್ಲವೋ ಅವರಿಗೆ ತಿಳಿಯುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ, 2021ರ ಫೆಬ್ರವರಿಯಲ್ಲಿ, ಲಕೋಟೆ ಒಡೆದರು. ಏಪ್ರಿಲ್ 7ರಂದು ಪ್ರಕಟವಾದ ಸಂಖ್ಯೆ ಆಗಿನ ಸಿದ್ಧಾಂತಕ್ಕೆ ಹೊಂದಲಿಲ್ಲ. ಹೊಸ ಕಣದ ಆಸೆ ಜಗತ್ತಿನಾದ್ಯಂತ ಚಿಗುರಿತು. ಅದೇ ದಿನ ಇನ್ನೊಂದು ಗುಂಪು ಕಂಪ್ಯೂಟರಿನಲ್ಲಿ ಮಾಡಿದ ಬೇರೆ ಬಗೆಯ ಲೆಕ್ಕ ಆ ಅಂತರವನ್ನು ಬಹಳಮಟ್ಟಿಗೆ ತಗ್ಗಿಸಿತ್ತು. 2025ರ ಜೂನ್‌ನಲ್ಲಿ ಫರ್ಮಿಲ್ಯಾಬಿನ ಕೊನೆಯ ಫಲಿತಾಂಶ ಬಂತು. ನೂರು ಕೋಟಿಯಲ್ಲಿ 127 ಪಾಲಿನ ಅನಿಶ್ಚಿತತೆಯೊಂದಿಗೆ ಸಂಖ್ಯೆ ಅಲ್ಲೇ ನಿಂತಿತ್ತು. ಸಿದ್ಧಾಂತದ ಹೊಸ ಲೆಕ್ಕವೇ ಅದರತ್ತ ಸರಿದು ಬಂದಿತ್ತು. ಅನೇಕರ ಆಸೆ ಒಣಗಿತು, ಅಳತೆ ಮಾತ್ರ ಅಲುಗಲಿಲ್ಲ. ಲಕೋಟೆಯ ಬೆಲೆ ನನಗೆ ಅರ್ಥವಾದದ್ದು ಅಲ್ಲಿ.

ನನ್ನ ಪ್ರಯೋಗಶಾಲೆಯಲ್ಲಿ ಇದನ್ನು ಅಷ್ಟು ಕಟ್ಟುನಿಟ್ಟಾಗಿ ಮಾಡಲಾಗದು. ನಾವೇ ಬೆಳೆಸಿದ ಪದರವನ್ನು ನಾವೇ ಅಳೆಯುತ್ತೇವೆ. ಬಣ್ಣ ನೋಡಿದರೇ ಯಾವುದು ಎಂದು ಗೊತ್ತಾಗುತ್ತದೆ. ಆದರೂ ಈಗ ಸ್ಯಾಂಪಲ್‌ಗಳಿಗೆ ಹೆಸರಿನ ಬದಲು ಗುಟ್ಟಿನ ಸಂಖ್ಯೆ ಹಾಕುತ್ತೇವೆ, ಬೆಳೆಸಿದವರು ಅಳೆಯುವುದಿಲ್ಲ. ಯಾವ ಪಾಯಿಂಟನ್ನು ಯಾವ ಕಾರಣಕ್ಕೆ ಬಿಡಬೇಕು ಎಂಬ ನಿಯಮವನ್ನು ಅಳತೆಗೆ ಮೊದಲೇ ಬರೆದು ಸಹಿ ಮಾಡುತ್ತೇವೆ. ಸಭೆಯಲ್ಲಿ ನಾನು ಮೊದಲು ಕೇಳುವುದು ಹೊಂದದ ಗ್ರಾಫನ್ನು. ಆರಂಭದಲ್ಲಿ ಇದು ಅಭ್ಯಾಸಕ್ಕಾಗಿ ಮಾಡಿದ ಕೆಲಸವಾಗಿತ್ತು. ಬರಬರುತ್ತ ನನ್ನ ಕುತೂಹಲವೇ ಆ ಕಡೆ ವಾಲಿದೆ.

ಹಾಗೆ ವಾಲಿದ್ದಕ್ಕೆ ಕಾರಣವೂ ಇದೆ. ನನ್ನ ಕ್ಷೇತ್ರದ ಅತ್ಯಂತ ನಿಖರವಾದ ಸತ್ಯವನ್ನು ಅಷ್ಟು ನಿಖರವಾಗಿ ಯಾರೂ ಬಯಸಿರಲಿಲ್ಲ. 1980ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಸಿಲಿಕಾನ್ ಟ್ರಾನ್ಸಿಸ್ಟರ್ ಒಂದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಳೆಯುತ್ತಿದ್ದರು. ಹಾಲ್ ರೋಧದ ಗೆರೆಯಲ್ಲಿ ಚಪ್ಪಟೆ ಮೆಟ್ಟಿಲುಗಳು ಕಂಡವು. ಆ ಮೆಟ್ಟಿಲುಗಳ ಎತ್ತರ 25,812.807 ಓಮ್‌ಗಳನ್ನು ಪೂರ್ಣಾಂಕದಿಂದ ಭಾಗಿಸಿದಷ್ಟೇ. ಪದರದಲ್ಲಿ ಕಲ್ಮಶವಿತ್ತು, ಅಂಚು ಒರಟಾಗಿತ್ತು. ಆದರೂ ಎಲ್ಲ ಸ್ಯಾಂಪಲ್‌ಗಳಲ್ಲಿ ಅದೇ ಸಂಖ್ಯೆ. ಇಷ್ಟು ಖಚಿತತೆಯನ್ನು ಆಗಿನ ಸಿದ್ಧಾಂತ ನಿರೀಕ್ಷಿಸಿರಲಿಲ್ಲ. 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಸಂಗಡಿಗರು ಅದರ ಹಿಂದಿನ ಟೋಪಾಲಜಿಯ ಗಣಿತವನ್ನು ತೋರಿಸಿದರು. ಪ್ಲಾಂಕ್ ಸ್ಥಿರಾಂಕ ಮತ್ತು ಎಲೆಕ್ಟ್ರಾನಿನ ವಿದ್ಯುದಂಶ, ಇವೆರಡರಿಂದಲೇ ಹುಟ್ಟುವ ಆ ಸಂಖ್ಯೆಯ ಮೇಲೆ ಇಂದು ಜಗತ್ತಿನ ಓಮ್ ನಿಂತಿದೆ. ಮೊದಲು ಅಳತೆ ಬಂತು, ಆಸೆಯೂ ಸಿದ್ಧಾಂತವೂ ಅದನ್ನು ಹಿಂಬಾಲಿಸಿ ಬಂದವು. ಗೆರೆ ಚಪ್ಪಟೆಯಾದ ಜಾಗವನ್ನು ಉಪಕರಣದ ದೋಷವೆಂದು ತಳ್ಳಿಹಾಕದೆ ನೋಡಿದ ಕಣ್ಣು ಅಲ್ಲಿತ್ತು.

ಫಲಾಪೇಕ್ಷೆಯಿಲ್ಲದೆ ಕೆಲಸ ಮಾಡು ಎಂಬ ಹಿರಿಯರ ಮಾತಿಗೆ ನನ್ನ ಗೌರವವಿದೆ, ಆದರೆ ಅದನ್ನು ಪಾಲಿಸಿದೆನೆಂದು ಹೇಳಿಕೊಳ್ಳಲಾರೆ. ಫಲದ ಆಸೆಯಿಲ್ಲದೆ ಯಾರೂ ಎರಡು ಕಿಲೋಮೀಟರ್ ಆಳಕ್ಕೆ ಇಳಿಯುವುದಿಲ್ಲ, ರಾತ್ರಿಯೆಲ್ಲ ಹೀಲಿಯಂ ಕಾಯುವುದಿಲ್ಲ. ನನ್ನನ್ನು ಪರೀಕ್ಷಿಸಿಕೊಂಡಾಗ ತಿಳಿದದ್ದು ಇಷ್ಟು: ಆಸೆಯನ್ನು ಕೊಲ್ಲಲು ನನ್ನಿಂದಾಗದು, ಕೊಲ್ಲಬೇಕಾಗಿಯೂ ಇಲ್ಲ. ಅದಕ್ಕೆ ಎದುರು ಹೇಳುವವರನ್ನು ನಾನೇ ಹುಡುಕಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಲಕೋಟೆ, ಗುಟ್ಟಿನ ಸಂಖ್ಯೆ, ಬೇರೆ ಊರಿನ ಕುಲುಮೆ, ಒಪ್ಪದ ವಿದ್ಯಾರ್ಥಿ, ಇವರೆಲ್ಲ ನನ್ನ ಆಸೆಯ ಎದುರಾಳಿಗಳು, ನನ್ನ ವಿಜ್ಞಾನದ ಬಂಧುಗಳು.

ಇದು ಒಬ್ಬೊಬ್ಬರ ಮನಸ್ಸಿನ ಶುದ್ಧಿಗೆ ಬಿಟ್ಟ ವಿಷಯವಲ್ಲ. ‘ಸಿಕ್ಕಿತು’ ಎಂದವರಿಗಷ್ಟೇ ಕೆಲಸ, ಅನುದಾನ, ಪತ್ರಿಕೆಯಲ್ಲಿ ಫೋಟೋ ಸಿಗುವ ವ್ಯವಸ್ಥೆಯಲ್ಲಿ ಇಪ್ಪತ್ತಾರು ವರ್ಷದ ಹುಡುಗ ಹುಡುಗಿಯರಿಂದ ನಿರ್ಲಿಪ್ತತೆ ಕೇಳುವುದು ಅನ್ಯಾಯ. ಸರಿಯಾಗಿ ಹುಡುಕಿ ‘ಇಲ್ಲ’ ಎಂದು ಬರೆದ ಪ್ರಬಂಧಕ್ಕೂ ಪಿಎಚ್‌ಡಿ ಸಿಗಬೇಕು, ಅದರ ಬಲದಿಂದ ಕೆಲಸವೂ ಸಿಗಬೇಕು. ಉಳಿದ ವರ್ಷಗಳಲ್ಲಿ ನಾನು ಕೂರುವ ಸಮಿತಿಗಳಲ್ಲಿ ಇದಕ್ಕಾಗಿ ವಾದಿಸುತ್ತೇನೆ. ವೈವಾದಲ್ಲಿ ಪ್ರತಿ ವಿದ್ಯಾರ್ಥಿಗೂ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ನಿನಗೆ ಯಾವ ಉತ್ತರ ಬೇಕಾಗಿತ್ತು, ಅದು ಸುಳ್ಳೆಂದು ತೋರಿಸಲು ನೀನು ಏನೇನು ಮಾಡಿದೆ? ಅವರು ಅದೇ ಪ್ರಶ್ನೆಯನ್ನು ನನಗೆ ತಿರುಗಿಸಿ ಕೇಳಬೇಕು, ಕೇಳುವ ಧೈರ್ಯ ಅವರಲ್ಲಿ ಬೆಳೆಯುವ ಹಾಗೆ ನಾನು ನಡೆದುಕೊಳ್ಳಬೇಕು.